ನಮ್ಮದೇ ಸರ್ವರ್, ಬ್ರೌಸರ್‌ಗೇಕೆ ಅನುಮಾನ?

ಪ್ರಶ್ನೆ: ಚರ್ಮದ ಚೀಲ ಹೊಲಿಯುವ ನಮ್ಮ ಘಟಕದ ಲೆಕ್ಕಪತ್ರ ಒಳಗಿನ ಸರ್ವರ್‌ನಲ್ಲೇ ಇದೆ. ತೆರೆದಾಗಲೆಲ್ಲ ಬ್ರೌಸರ್ ‘ಸುರಕ್ಷಿತವಲ್ಲ’ ಎನ್ನುತ್ತದೆ. ನಂಬಿಸುವುದು ಹೇಗೆ?
– ಓದುಗರು, ಧಾರಾವಿ, ಮುಂಬೈ

ಉತ್ತರ: ಸರ್ವರ್ ತೋರಿಸುವ ಪ್ರಮಾಣಪತ್ರಕ್ಕೆ ಯಾರ ಸಹಿ ಇದೆಯೆಂದು ಬ್ರೌಸರ್ ನೋಡುತ್ತದೆ. ಆ ಸಹಿಯ ಸರಪಳಿ ತನ್ನ ‘ರೂಟ್’ ಪಟ್ಟಿಯ ಸಂಸ್ಥೆಯೊಂದಕ್ಕೆ ತಲುಪದಿದ್ದರೆ ಎಚ್ಚರಿಸುತ್ತದೆ. ಬಹುಶಃ ನಿಮ್ಮ ಸರ್ವರ್ ತನಗೆ ತಾನೇ ಸಹಿ ಹಾಕಿಕೊಂಡಿದೆ. ಅಂದರೆ ಮಾಹಿತಿ ಗೂಢಲಿಪಿಯಲ್ಲೇ ಸಾಗುತ್ತದೆ. ಗುರುತಿಗೆ ಮಾತ್ರ ಸಾಕ್ಷಿಯಿಲ್ಲ.

ದಾರಿ ಎರಡು. ಸ್ವಂತ ಡೊಮೈನ್ ಹೆಸರಿದ್ದರೆ ‘ಲೆಟ್ಸ್ ಎನ್‌ಕ್ರಿಪ್ಟ್’ ಉಚಿತವಾಗಿ ಪ್ರಮಾಣಪತ್ರ ಕೊಡುತ್ತದೆ. ಡಿಎನ್‌ಎಸ್ ದಾಖಲೆಯ ಮೂಲಕ ಆ ಹೆಸರಿನ ಒಡೆತನ ತೋರಿಸಿದರಾಯಿತು, ಸರ್ವರನ್ನು ಇಂಟರ್ನೆಟ್‌ಗೆ ತೆರೆದಿಡಬೇಕಿಲ್ಲ. ಇಲ್ಲವೇ ‘ಎಂಕೆಸರ್ಟ್’ನಂಥ ಸಾಧನದಿಂದ ನಿಮ್ಮದೇ ರೂಟ್ ಸೃಷ್ಟಿಸಿ, ಅದರಿಂದ ಸರ್ವರ್‌ನ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿ, ರೂಟ್ ಪ್ರಮಾಣಪತ್ರವನ್ನು ಪ್ರತಿ ಕಂಪ್ಯೂಟರ್‌ನ ನಂಬಿಕಸ್ಥರ ಪಟ್ಟಿಗೆ ಸೇರಿಸಿ. ಬ್ರೌಸರ್‌ನ ವಿಳಾಸದ ಜಾಗದಲ್ಲಿ ಟೈಪಿಸುವ ಹೆಸರು ಅಥವಾ ಐಪಿ ಪ್ರಮಾಣಪತ್ರದ ‘ಪರ್ಯಾಯ ಹೆಸರು’ ಅಂಕಣದಲ್ಲಿ ಇರಲೇಬೇಕು.

ಈ ರೂಟ್ ಪಟ್ಟಿ ಹಗುರ ವಿಷಯವಲ್ಲ. 2014ರ ಜುಲೈನಲ್ಲಿ ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರದ ಸಹಿಯಲ್ಲಿ ಗೂಗಲ್ ಡೊಮೈನ್‌ಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಇದ್ದುದು ಪತ್ತೆಯಾಗಿತ್ತು. ಭಾರತದ ರೂಟ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿದ್ದುದರಿಂದ ವಿಂಡೋಸ್ ಅವನ್ನು ನಂಬಿತು. ಸ್ವಂತ ಪಟ್ಟಿಯಿದ್ದ ಫೈರ್‌ಫಾಕ್ಸ್‌ಗೆ ಬಾಧೆಯಾಗಲಿಲ್ಲ. ನಿಮ್ಮ ರೂಟ್ ಸಹಿ ಹಾಕಲು ಬಳಸುವ ಖಾಸಗಿ ಕೀಲಿ ಕದ್ದವರೂ ನಿಮ್ಮ ಕಂಪ್ಯೂಟರ್‌ಗಳ ಮುಂದೆ ಯಾವ ಬ್ಯಾಂಕಿನ ವೇಷವನ್ನಾದರೂ ಹಾಕಬಲ್ಲರು. ಆ ಕೀಲಿಯನ್ನು ಪೆನ್‌ಡ್ರೈವ್‌ನಲ್ಲಿಟ್ಟು ಬೀಗ ಹಾಕಿ, ಯಾರಿಗೂ ವಾಟ್ಸ್ಆ್ಯಪ್ ಮಾಡಬೇಡಿ.