ರಾತ್ರಿ ನಾಯಿ ಬಿದ್ದರೆ ಬೆಂಗಳೂರೇ ಗತಿ

ಗುಬ್ಬಿ, ಕುಣಿಗಲ್ ಕಡೆಯ ತೆಂಗು, ಅಡಿಕೆ ತೋಟಗಳಲ್ಲಿ ಹಾವಿಗೆ ಮೊದಲು ಎದುರಾಗುವುದು ತೋಟದ ಮನೆಯ ನಾಯಿ. ಬೊಗಳುವ ಸದ್ದು ಕೇಳಿ ಮನೆಯವರು ಟಾರ್ಚ್ ಹಿಡಿದು ಬರುವಷ್ಟರಲ್ಲಿ ಕೊಳಕುಮಂಡಲ ಅದರ ಮೂತಿಗೋ ಮುಂಗಾಲಿಗೋ ಕಚ್ಚಿರುತ್ತದೆ. ಮುಖ ಊದಿಕೊಳ್ಳುತ್ತದೆ. ಆಮೇಲೆ ಒಸಡಿನಲ್ಲಿ, ಮೂತ್ರದಲ್ಲಿ ರಕ್ತ.

ನಮ್ಮಲ್ಲಿ ಇದಕ್ಕೆ ಕೊಡುವುದು ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ. ಬೇರೆ ಔಷಧವಾದರೆ ತೂಕ ನೋಡಿ ಪ್ರಮಾಣ ಇಳಿಸಬಹುದು. ಪ್ರತಿವಿಷದಲ್ಲಿ ಆ ಲೆಕ್ಕ ನಡೆಯದು. ಹಾವು ಬಿಟ್ಟ ವಿಷ ಎಷ್ಟೋ ಅಷ್ಟನ್ನು ಮುರಿಯಬೇಕು. ನಾಯಿ ಚಿಕ್ಕದು ಎಂದರೆ ವಿಷ ಕಡಿಮೆಯಾಗುವುದಿಲ್ಲ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಎಂದು 2024ರಲ್ಲಿ ಘೋಷಿಸಿದ ರಾಜ್ಯ ನಮ್ಮದು. ಮನುಷ್ಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷ ಉಚಿತ. ನಾಯಿಗಾದರೆ ಮಾಲೀಕರು ಒಂದೊಂದು ಬಾಟಲಿಯನ್ನೂ ದುಡ್ಡು ಕೊಟ್ಟು ತರಬೇಕು, ಅದೂ ರಾತ್ರಿ ತೆರೆದಿರುವ ಔಷಧ ಅಂಗಡಿ ಹುಡುಕಿಕೊಂಡು.

ಅಲ್ಲಿಗೆ ಖರ್ಚು ಮುಗಿಯಿತೇ? ರಾತ್ರಿಯಿಡೀ ಡ್ರಿಪ್, ಆಮ್ಲಜನಕ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ಶಸ್ತ್ರಚಿಕಿತ್ಸೆ ಎಲ್ಲವೂ ಒಂದೇ ಸೂರಿನಡಿ ಬೇಕೆಂದರೆ ಜನ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ಅಲ್ಲಿಂದ ಬೆಂಗಳೂರಿಗೆ 70. ಕುಣಿಗಲ್‌ನಿಂದಲೂ ಹೆಚ್ಚುಕಡಿಮೆ 70. ಒದ್ದಾಡುವ ನಾಯಿಯನ್ನು ಕೂರಿಸಿಕೊಳ್ಳಲು ಒಪ್ಪುವ ಕಾರು ಸಿಗಬೇಕು. ಸಿಕ್ಕರೆ ಕೇಳಿದಷ್ಟು ಬಾಡಿಗೆ. ಚಿಕಿತ್ಸೆ ಶುರುವಾಗುವ ಮೊದಲೇ ಒಂದು ಬಿಲ್ಲು ಬೆಳೆದಿರುತ್ತದೆ.

ಇಷ್ಟಾದ ಮೇಲೆ ‘ಡಾಕ್ಟರು ಸುಲಿಗೆ ಮಾಡುತ್ತಾರೆ’ ಎಂಬ ಮಾತು ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಒಂದೂ ಕೇಸು ಬರದ ರಾತ್ರಿಯೂ ವೈದ್ಯರಿಗೆ, ಸಹಾಯಕರಿಗೆ ಸಂಬಳ ಕೊಡಲೇಬೇಕು. ಎಕ್ಸ್‌ರೇ ಯಂತ್ರದ ಸಾಲದ ಕಂತನ್ನೂ ಕಟ್ಟಲೇಬೇಕು. ಮನುಷ್ಯರ ಆಸ್ಪತ್ರೆಯಲ್ಲಿ ಈ ಭಾರವನ್ನು ಸರ್ಕಾರವೋ ವಿಮೆಯೋ ಹೊರುತ್ತದೆ. ಇಲ್ಲಿ ಅಷ್ಟೂ ಆ ರಾತ್ರಿ ಬಾಗಿಲು ತಟ್ಟಿದವರ ತಲೆಯ ಮೇಲೆ. ನಾಯಿಗೂ ವಿಮೆ ಮಾಡುವ ಕಂಪನಿಗಳಿವೆ, ಆದರೆ ನಮ್ಮ ತೋಟದ ಮನೆಗಳಿಗೆ ಆ ಸುದ್ದಿಯೇ ಮುಟ್ಟಿಲ್ಲ. ಸಹಾಯಧನವಿರುವ ಜಾನುವಾರು ವಿಮೆ ಹಸು, ಎಮ್ಮೆ, ಕುರಿ, ಮೇಕೆಯಂಥವುಗಳಿಗೆ. ತೋಟ ಕಾಯುವ ನಾಯಿ ಅದರಲ್ಲಿ ಸೇರಿಲ್ಲ.

ಸರ್ಕಾರಿ ಪಶು ಆಸ್ಪತ್ರೆಗಳನ್ನು ಕಟ್ಟಿರುವುದೂ ದನಕರುಗಳಿಗಾಗಿಯೇ, ಅದು ನ್ಯಾಯವೂ ಹೌದು. ಹಾಲು ಮಾರಿ ಬದುಕುವ ಮನೆಯಲ್ಲಿ ಹಸು ಹೋದರೆ ಸಂಸಾರವೇ ಕುಸಿಯುತ್ತದೆ. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಗಳು ರಾಜ್ಯದಲ್ಲಿ 275 ಇವೆ. ಒಂದು ಲಕ್ಷ ಜಾನುವಾರಿಗೆ ಒಂದು ವಾಹನ ಎಂಬುದು ಕೇಂದ್ರದ ಯೋಜನೆಯ ಲೆಕ್ಕ. ಒಬ್ಬ ವೈದ್ಯರು, ಒಬ್ಬ ಸಹಾಯಕ, ಒಬ್ಬ ಚಾಲಕ. ನಡುರಾತ್ರಿ ನಾಯಿಗೆ ಆಪರೇಷನ್ ಮಾಡಿ ಎಂದು ಆ ಗಾಡಿಯನ್ನು ಕೇಳಲಾಗದು.

ತುರ್ತು ಖರ್ಚಿನಲ್ಲಿ ದೊಡ್ಡ ಪಾಲು ತಪ್ಪಿಸಬಹುದಾದದ್ದು ಎಂಬುದು ನನಗೆ ಹೆಚ್ಚು ಸಂಕಟ ಕೊಡುತ್ತದೆ. ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಶುರುಮಾಡಿ ನಾಲ್ಕು ತಿಂಗಳವರೆಗೆ ಲಸಿಕೆ ಹಾಕಿಸಿದರೆ ಪಾರ್ವೊ ಬಹುತೇಕ ದೂರ. ಹಾಕಿಸದಿದ್ದರೆ ವಾಂತಿ, ರಕ್ತಭೇದಿ, ದಿನಗಟ್ಟಲೆ ಡ್ರಿಪ್. ಅಷ್ಟಾದರೂ ಮರಿ ಉಳಿಯುವ ಭರವಸೆಯಿಲ್ಲ. ಸಂತಾನಹರಣ ಮಾಡಿಸದ ಹೆಣ್ಣುನಾಯಿಗೆ ವಯಸ್ಸಾದಾಗ ಗರ್ಭಕೋಶದಲ್ಲಿ ಕೀವು ತುಂಬಿದರೆ ತುರ್ತು ಶಸ್ತ್ರಚಿಕಿತ್ಸೆಯೇ ಬೇಕು. ಉಣ್ಣೆ ಕಿತ್ತು ಔಷಧ ಹಾಕದೆ ಬಿಟ್ಟರೆ ಅದರಿಂದ ಬರುವ ಜ್ವರ ರಕ್ತವನ್ನೇ ಬತ್ತಿಸುತ್ತದೆ. ಜ್ವರ ಬಂತೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಬೆಕ್ಕಿಗೆ ವಿಷ. ಹಾವು ಕಚ್ಚಿದ ನಾಯಿಗೆ ಕಟ್ಟು ಬಿಗಿಯುವುದು, ಗಾಯ ಕುಯ್ಯುವುದು ಬೇಡ. ನಡೆಸದೆ ಎತ್ತಿಕೊಂಡು ಹೋಗಿ.

ಕೇರಳದಲ್ಲಿ ಪಶುಸಂಗೋಪನಾ ಇಲಾಖೆಯೇ ಬ್ಲಾಕ್ ಮಟ್ಟದಲ್ಲಿ ರಾತ್ರಿ ಪಶುವೈದ್ಯ ಸೇವೆ ನಡೆಸುತ್ತಿದೆ. ನಾವು ಪ್ರತಿ ತಾಲ್ಲೂಕಿಗೂ ಕೇಳುತ್ತಿಲ್ಲ. ತುಮಕೂರಿನಲ್ಲಿ ರಾತ್ರಿಯೆಲ್ಲ ತೆರೆದಿರುವ ಒಂದೇ ಒಂದು ಸರ್ಕಾರಿ ಘಟಕ, ಅಲ್ಲಿ ಒಬ್ಬ ವೈದ್ಯರು, ಪ್ರತಿವಿಷದ ದಾಸ್ತಾನು, ಆಮ್ಲಜನಕ, ಕೈಗೆಟುಕುವ ಶುಲ್ಕ ಇದ್ದರೆ ಸಾಕು. ಕಷ್ಟದ ಹೆರಿಗೆಯ ಹಸುವಿಗೂ ಅದು ಆಗುತ್ತದೆ. ಜಿಲ್ಲೆಯ ಶಾಸಕರು, ಇಲಾಖೆಯ ಅಧಿಕಾರಿಗಳು ಮುಂದಿನ ಬಜೆಟ್ಟಿನಲ್ಲಿ ಇದಕ್ಕೆ ಹಣ ತೆಗೆದಿಡಬೇಕು.