ಗಡಿಗೆಯೊಳಗಿನ ಬೀಜ, ಪಹಣಿಯಲ್ಲಿಲ್ಲದ ಹೆಸರು

2025ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) ಆ ವರ್ಷದ ‘ಇಕ್ವೇಟರ್ ಪ್ರಶಸ್ತಿ’ಗೆ ಆಯ್ಕೆಯಾದ ಹತ್ತು ಸಂಘಟನೆಗಳ ಹೆಸರು ಪ್ರಕಟಿಸಿತು. ಮೂಲನಿವಾಸಿಗಳೂ ಸ್ಥಳೀಯ ಸಮುದಾಯಗಳೂ ನೆಲ, ಕಾಡು, ಕಡಲನ್ನು ಉಳಿಸಿಕೊಳ್ಳಲು ಮಾಡಿದ ಕೆಲಸಕ್ಕೆ ಸಲ್ಲುವ ಗೌರವ ಅದು. ಬ್ರೆಜಿಲ್, ಪೆರು, ಈಕ್ವೆಡಾರ್, ಕೀನ್ಯಾ, ಪಪುವಾ ನ್ಯೂಗಿನಿಯ ಸಂಘಟನೆಗಳಿದ್ದ ಪಟ್ಟಿಯಲ್ಲಿ ಭಾರತದಿಂದ ಇದ್ದದ್ದು ಒಂದೇ ಹೆಸರು: ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ.

ಸಾವಿ, ನವಣಿ, ಬರಗಿನಂಥ ಸಿರಿಧಾನ್ಯಗಳ ಬೀಜ ಕೂಡಿಟ್ಟು ರೈತರಿಗೆ ಹಂಚುವ ಹಳ್ಳಿಯ ಹೆಂಗಸರ ಕೆಲಸವನ್ನು ಜಗತ್ತು ‘ಹವಾಮಾನ ಕ್ರಮ’ ಎಂದು ಗುರುತಿಸಿತ್ತು. ಈ ಗುರುತಿನ ಹಿಂದೆ ಐವತ್ತು ವರ್ಷಗಳ ದಾರಿಯಿದೆ. ಆ ದಾರಿ ತೀರ್ಥದಲ್ಲಷ್ಟೇ ಇಲ್ಲ, ನರಗುಂದ, ರೋಣ, ಗಜೇಂದ್ರಗಡದ ಹೊಲಗಳ ಮೇಲೂ ಹಾದುಹೋಗಿದೆ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವವರೆಗೆ ಇವೆಲ್ಲ ಒಂದೇ ಧಾರವಾಡ ಜಿಲ್ಲೆಯ ಊರುಗಳು. ಮಳೆಯ ಲೆಕ್ಕ ಒಂದೇ, ಅಡುಗೆಮನೆಯ ಕಾಳುಕಡಿಯೂ ಹೆಚ್ಚುಕಡಿಮೆ ಒಂದೇ.

ಎರಿ, ಮಸಾರಿ, ಅಕ್ಕಡಿ

ನರಗುಂದ ಮತ್ತು ರೋಣದ ಬಯಲು ಕಪ್ಪು ಮಣ್ಣಿನ ಎರಿ ಭೂಮಿ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲಿ, ಕುಸುಬಿ. ಮುಂಗಾರಿ ಸರಿಯಾಗಿ ಹಿಡಿದರೆ ಹೆಸರು. ಪೂರ್ವಕ್ಕೆ ಗಜೇಂದ್ರಗಡದ ಕಡೆ ಹೋದಂತೆ ಗುಡ್ಡದ ಸಾಲು, ಕೆಂಪು ಮಣ್ಣಿನ ಮಸಾರಿ ನೆಲ, ಲಂಬಾಣಿ ತಾಂಡಾಗಳು, ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು ಕಾಣುತ್ತವೆ. 2018ರವರೆಗೆ ಗಜೇಂದ್ರಗಡವೂ ರೋಣ ತಾಲ್ಲೂಕಿನೊಳಗೇ ಇತ್ತು. ಮಳೆ ಇಲ್ಲಿ ಎಂದೂ ಧಾರಾಳಿಯಲ್ಲ. ಬಂದರೆ ಯಾವಾಗ, ಎಷ್ಟು ಎಂಬ ಖಾತ್ರಿಯೂ ಇಲ್ಲ.

ಇಂಥ ನೆಲದಲ್ಲಿ ಬದುಕಲು ಹಿರಿಯರು ಕಂಡುಕೊಂಡ ದಾರಿ ಅಕ್ಕಡಿ ಸಾಲು. ಮುಖ್ಯ ಬೆಳೆಯ ಕೆಲವು ಸಾಲಿಗೊಮ್ಮೆ ಬೇರೊಂದು ಬೆಳೆ. ಸಾವಿ ಮೂರು ತಿಂಗಳೊಳಗೆ ಕೈಗೆ ಬರುತ್ತದೆ. ನಡುವೆ ನಿಂತ ತೊಗರಿ ಆಳಕ್ಕೆ ಬೇರಿಳಿಸಿ ತಿಂಗಳುಗಟ್ಟಲೆ ಕಾಯುತ್ತದೆ. ಅಲಸಂದಿ, ಮಡಿಕಿ ನೆಲಕ್ಕೆ ಹಬ್ಬಿ ತೇವ ಹಿಡಿದಿಡುತ್ತವೆ. ಗುರೆಳ್ಳು ಚಟ್ನಿಪುಡಿಗೆ, ಪುಂಡಿ ಪಲ್ಯಕ್ಕೆ ಮತ್ತು ನಾರಿಗೆ. ಹೊಲದ ಅಂಚಿಗೆ ಮುಳ್ಳಿನ ಕುಸುಬಿ ಹಾಕಿದರೆ ದನ ಒಳಗೆ ಬರುವುದಿಲ್ಲ, ಮನೆಗೆ ಎಣ್ಣೆಯೂ ಆಯಿತು. ಮಳೆ ಒಂದನ್ನು ಕೆಡಿಸಿದರೆ ಇನ್ನೊಂದು ಉಳಿಯುತ್ತದೆ ಎಂಬುದು ಇದರ ಲೆಕ್ಕಾಚಾರ.

ಕೂರಿಗೆ ಹಿಡಿಯುವುದು ಗಂಡಸರ ಕೆಲಸವೆಂದು ರೂಢಿ. ಆದರೆ ಕೂರಿಗೆಯ ಹಿಂದೆ ನಡೆಯುತ್ತ ಅಕ್ಕಡಿ ಕಾಳು ಬಿಡುವವರು ಹೆಂಗಸರು. ಯಾವ ತೆನೆ ಬೀಜಕ್ಕೆ, ಯಾವುದು ಹೊಟ್ಟೆಗೆ ಎಂದು ಆರಿಸುವವರೂ ಅವರೇ. ಬಿಸಿಲಿಗೆ ಒಣಹಾಕಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಇಟ್ಟು, ಗಡಿಗೆಯ ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೇರಿಸುವುದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ. ಮುಂದಿನ ವರ್ಷ ಹೊಲದಲ್ಲಿ ಏನಿರಬೇಕು ಎಂಬ ತೀರ್ಮಾನದಲ್ಲಿ ಹೀಗೆ ಅವರಿಗೂ ಒಂದು ಪಾಲಿತ್ತು.

ಕಾಲುವೆ ಬಂದ ಮೇಲೆ

ಆ ಪಾಲು ಕಳೆದುಹೋಗಲು ಬಹಳ ವರ್ಷ ಬೇಕಾಗಲಿಲ್ಲ. 1970ರ ದಶಕದಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದು ನರಗುಂದ, ನವಲಗುಂದದ ಕಡೆಗೆ ಕಾಲುವೆ ಹರಿಯಿತು. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ.ಎಚ್. ಕಟರಕಿ ರೂಪಿಸಿದ ‘ವರಲಕ್ಷ್ಮಿ’ ಸಂಕರಣ ಹತ್ತಿ ಬಿಡುಗಡೆಯಾಯಿತು. ಈ ಭಾಗದ ಹಳೆಯ ತಳಿ ಜಯಧರ ಹಿಂದೆ ಸರಿಯಿತು. ಸಂಕರಣ ಬೀಜವನ್ನು ಪ್ರತಿವರ್ಷ ಅಂಗಡಿಯಿಂದ ತರಬೇಕು. ಗೊಬ್ಬರ, ಔಷಧಿಯನ್ನೂ ಅಲ್ಲಿಂದಲೇ ತರಬೇಕು. ಪೇಟೆಯ ವ್ಯವಹಾರ ಗಂಡಸರ ಕೈಯಲ್ಲಿತ್ತು. ಅಟ್ಟದ ಗಡಿಗೆಗಳು ಖಾಲಿಯಾದದ್ದು ಹೀಗೆ.

ನೀರು ಎಲ್ಲರಿಗೂ ಸಿಗಲಿಲ್ಲ, ಕರ ಮಾತ್ರ ಎಲ್ಲರಿಗೂ ಬಂತು. ‘ಬೆಟರ್‌ಮೆಂಟ್ ಲೆವಿ’ ಹೆಸರಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ಸಿಟ್ಟು 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಬಂಡಾಯವಾಗಿ ಸ್ಫೋಟಿಸಿತು. ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು, ಪೊಲೀಸರೂ ಸತ್ತರು. ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿಕೊಂಡದ್ದು ಅದೇ ಬಿಸಿಯಲ್ಲಿ. ಇಂದಿಗೂ ಪ್ರತಿ ಜುಲೈ 21ರಂದು ನರಗುಂದದ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಆದರೆ ಆ ಚರಿತ್ರೆಯಲ್ಲಿ ನಾಯಕರೆಂದು ಉಳಿದ ಹೆಸರುಗಳು ಗಂಡಸರವು.

ಹೆಂಗಸರು ತಮ್ಮದೇ ಅಗತ್ಯಗಳಿಗಾಗಿ ಹೋರಾಟಕ್ಕಿಳಿದ ದೊಡ್ಡ ಸಂದರ್ಭ ಬಂದದ್ದು ಏಳು ವರ್ಷಗಳ ನಂತರ, ಅದೇ ಅವಿಭಜಿತ ಜಿಲ್ಲೆಯ ಹಾನಗಲ್ ತಾಲ್ಲೂಕಿನಲ್ಲಿ. ಹಳ್ಳಿಗರು ದನ ಮೇಯಿಸುವ, ಸೌದೆ ಆರಿಸುವ ಸಾಮೂಹಿಕ ಭೂಮಿಯನ್ನು ನೀಲಗಿರಿ ನೆಡುತೋಪಿಗೆ ಕೊಟ್ಟಾಗ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಮೇವು, ಸೌದೆ, ನೀರು ಹೊರುವವರು ಹೆಂಗಸರಾದ್ದರಿಂದ ಗೋಮಾಳ ಹೋದರೆ ಮೊದಲು ಪೆಟ್ಟು ಬೀಳುವುದು ಅವರಿಗೇ. ಪರಿಸರದ ಪ್ರಶ್ನೆಯೂ ಹೆಂಗಸರ ದುಡಿಮೆಯ ಪ್ರಶ್ನೆಯೂ ಒಂದೇ ಎಂಬುದು ಈ ಭಾಗದಲ್ಲಿ ಸ್ಪಷ್ಟವಾಗಿ ಕಂಡದ್ದು ಅಲ್ಲಿಂದ.

ಅದೇ ವರ್ಷ ರಾಜ್ಯದ ಮಂಡಲ ಪಂಚಾಯಿತಿಗಳಿಗೆ ಮಹಿಳಾ ಮೀಸಲಾತಿಯೊಂದಿಗೆ ಚುನಾವಣೆ ನಡೆಯಿತು. 2000ದ ಹೊತ್ತಿಗೆ ‘ಸ್ತ್ರೀಶಕ್ತಿ’ ಗುಂಪುಗಳು ಬಂದವು. ವಾರಕ್ಕೊಮ್ಮೆ ಸೇರಿ ಉಳಿತಾಯದ ಹಣ ಎಣಿಸುವ ಗುಂಪು, ಸಾಲದ ಲೆಕ್ಕ ಬರೆಯುವ ಪುಸ್ತಕ, ಬ್ಯಾಂಕಿನ ಮೆಟ್ಟಿಲು ಹತ್ತುವ ಧೈರ್ಯ: ಸಂಘಟನೆಗೆ ಬೇಕಾದ ಸಾಮಗ್ರಿ ಹಳ್ಳಿಯಲ್ಲಿ ಸಿದ್ಧವಾಗುತ್ತಿತ್ತು.

ನರಗುಂದ ಮತ್ತೆ ಸುದ್ದಿಯಾದದ್ದು 2015ರ ಜುಲೈನಲ್ಲಿ, ಮಹದಾಯಿ ನದಿಯ ನೀರಿಗಾಗಿ ಅನಿರ್ದಿಷ್ಟ ಧರಣಿ ಆರಂಭವಾದಾಗ. ಈ ಸಲ ಬೀದಿಯಲ್ಲಿ ಹೆಂಗಸರಿದ್ದರು. ಮರುವರ್ಷ ಜುಲೈ 27ರಂದು ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದ ಮೇಲೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರ ಲಾಠಿ ಏಟು ಮುದುಕಿಯರ ಮೇಲೂ ಬಿದ್ದಾಗ ನಾಡೆಲ್ಲ ಮರುಗಿತು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿಕೆ ಮಾಡಿತು. ಮರುವರ್ಷದ ಆಗಸ್ಟ್‌ನಲ್ಲಿ, ನೀರಿಲ್ಲವೆಂದು ಕೂಗಿದ ಇದೇ ಸೀಮೆಯ ಕೊಣ್ಣೂರು, ಲಖಮಾಪುರ, ಹೊಳೆಆಲೂರಿಗೆ ಮಲಪ್ರಭೆಯ ಪ್ರವಾಹ ನುಗ್ಗಿತು. 2023ರಲ್ಲಿ ಮತ್ತೆ ಬರ: ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು.

ತೀರ್ಥದ ಹೆಂಗಸರು

ಬೀಬಿ ಫಾತಿಮಾ ಸಂಘ ಹುಟ್ಟಿದ್ದು 2018ರಲ್ಲಿ. ಸವಾಯಿ ಗಂಧರ್ವರ ಊರೆಂದೂ ಮೆಣಸಿನಕಾಯಿಯ ಸೀಮೆಯೆಂದೂ ಹೆಸರಾದ ಕುಂದಗೋಳದ ಮಳೆಯಾಶ್ರಿತ ಹೊಲಗಳಲ್ಲಿ ಸಿರಿಧಾನ್ಯ ಮೂಲೆ ಸೇರಿ ಬಹಳ ಕಾಲವಾಗಿತ್ತು. ಅದಕ್ಕೆ ಒಂದು ಮುಖ್ಯ ಕಾರಣ ಕುಟ್ಟುವ ಕಷ್ಟ. ಸಾವಿ, ನವಣಿಯ ಕಾಳಿಗೆ ಗಟ್ಟಿ ಹೊಟ್ಟು. ಒರಳಿನಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ ಅಕ್ಕಿ ಮಾಡುವಷ್ಟರಲ್ಲಿ ರಟ್ಟೆ ಸೋಲುತ್ತಿತ್ತು. ಪಡಿತರದ ಅಕ್ಕಿ ಬಂದ ಮೇಲೆ ಆ ಕಷ್ಟ ಯಾರಿಗೂ ಬೇಡವಾಯಿತು. ತಿನ್ನುವವರಿಲ್ಲದ ಬೆಳೆಯನ್ನು ಬಿತ್ತುವವರೂ ಇಲ್ಲವಾದರು.

ದೇಸಿ ಬೀಜಗಳ ಮೇಲೆ ಕೆಲಸ ಮಾಡುವ ಬೆಂಗಳೂರಿನ ‘ಸಹಜ ಸಮೃದ್ಧ’ ಸಂಸ್ಥೆ ಕೈಜೋಡಿಸಿದಾಗ ಸಂಘದ ಹೆಂಗಸರು ಬೀಜದ ಜೊತೆಗೆ ಕುಟ್ಟುವ ಕಷ್ಟದ ಗಂಟನ್ನೂ ಬಿಚ್ಚಲು ಹೊರಟರು. ಸಮುದಾಯ ಬೀಜ ಬ್ಯಾಂಕ್ ಕಟ್ಟಿದರು. ತಳಿಗಳನ್ನು ಹುಡುಕಿ ತಂದು, ಬೆಳೆದು, ಕೂಡಿಟ್ಟು, ರೈತರಿಗೆ ಹಂಚಿದರು. ಅಕ್ಕಡಿ ಪದ್ಧತಿಯನ್ನು ಮತ್ತೆ ರೂಢಿಗೆ ತಂದರು. ಸೆಲ್ಕೊ ಫೌಂಡೇಷನ್‌ನಂಥ ಸಂಸ್ಥೆಗಳ ನೆರವಿನಿಂದ ಸೌರಶಕ್ತಿಯಿಂದ ನಡೆಯುವ ಸಿರಿಧಾನ್ಯ ಸಂಸ್ಕರಣಾ ಘಟಕ ಬಂತು. ಅದನ್ನು ನಡೆಸುವವರು ಪೂರ್ತಿ ಹೆಂಗಸರೇ. ಒರಳಿನ ಕೆಲಸವನ್ನು ಯಂತ್ರ ವಹಿಸಿಕೊಂಡ ಮೇಲೆ ಸಾವಿ ಅಕ್ಕಿ ಅಡುಗೆಮನೆಗೂ ಮಾರುಕಟ್ಟೆಗೂ ಹೋಗುವಂತಾಯಿತು. ಬೀಬಿಜಾನ್ ಹಳೇಮನಿ ಅವರ ಮುಂದಾಳತ್ವದ ಈ ಗುಂಪಿನ ಕೆಲಸ ಇಂದು 30 ಹಳ್ಳಿಗಳಿಗೆ ಹಬ್ಬಿದೆ. ಇಕ್ವೇಟರ್ ಪ್ರಶಸ್ತಿಯ ಮೊತ್ತ 10,000 ಡಾಲರ್.

ಈ ಸಾಧನೆಯನ್ನು ಸಿರಿಧಾನ್ಯದ ಗುಣಗಾನಕ್ಕಷ್ಟೇ ಇಳಿಸಿದರೆ ಅನ್ಯಾಯವಾದೀತು. ಯಾವ ಬೀಜ ಬಿತ್ತಬೇಕು ಎಂಬ ತೀರ್ಮಾನ ಅಂಗಡಿಯ ಕಟ್ಟೆಯಿಂದ ಹೆಂಗಸರ ಸಭೆಗೆ ಮರಳಿತು ಎಂಬುದೇ ಇದರ ತಿರುಳು. ತೇವ ಕಡಿಮೆಯಾದರೂ ತಾಳುವ, ಬೇಗ ಮಾಗುವ ಬೆಳೆಗಳ ಬೀಜ ಊರಿನಲ್ಲೇ ಇದ್ದರೆ, ಮಳೆ ತಡವಾದ ವರ್ಷ ರೈತನಿಗೆ ಎರಡನೇ ಬಿತ್ತನೆಗೆ ಸಾಲ ಮಾಡಬೇಕಾಗಿಲ್ಲ.

ಹಕ್ಕಿನ ಪತ್ರದಲ್ಲಿ ಯಾರ ಹೆಸರು?

ಬೀಜದ ವಿದ್ಯೆಗೆ ನಾಡಿನ ಇನ್ನೊಂದು ಮೂಲೆಯಲ್ಲೂ ಹೆಣ್ಣಿನದೇ ಹೆಸರು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಸಮುದಾಯದ ತುಳಸಿ ಗೌಡ ದಶಕಗಳ ಕಾಲ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದುಡಿದರು. ಯಾವ ತಾಯಿಮರದಿಂದ ಯಾವಾಗ ಬೀಜ ತರಬೇಕೆಂದು ಅವರಷ್ಟು ಬಲ್ಲವರು ಕಡಿಮೆ. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂಬ ಅವರ ಸಮುದಾಯದ ಬೇಡಿಕೆ ಅವರ ಕಾಲದಲ್ಲಿ ಈಡೇರಲಿಲ್ಲ. ಒಬ್ಬ ಹೆಣ್ಣುಮಗಳ ಜ್ಞಾನಕ್ಕೆ ಪ್ರಶಸ್ತಿ ಸಿಕ್ಕ ಮಾತ್ರಕ್ಕೆ ಆಕೆಯ ಜನಕ್ಕೆ ಹಕ್ಕು ಸಿಗುವುದಿಲ್ಲ ಎಂಬುದನ್ನು ಇಲ್ಲಿ ಕಾಣಬೇಕು.

ಹಕ್ಕು ಕಾಗದಕ್ಕೆ ಇಳಿದಾಗ ಏನಾಗುತ್ತದೆ ಎಂಬುದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆ ಉದಾಹರಣೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕನ್ನು ಮನ್ನಿಸಿದ್ದು ಅದೇ ಕಾಯ್ದೆಯಡಿ. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಅಂಥದ್ದು ಅದೇ ಮೊದಲು. ಮದುವೆಯಾದವರಿಗೆ ಕೊಡುವ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು, ಅರಣ್ಯ ಹಕ್ಕು ಸಮಿತಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದು ಆ ಕಾಯ್ದೆ ಮತ್ತು ಅದರ ನಿಯಮಗಳು ಹೇಳುತ್ತವೆ. ಕಾಡಿನ ಹೆಣ್ಣಿಗೆ ಕಾನೂನು ಕೊಟ್ಟ ಈ ಮಾತು ಬಯಲಿನ ಹೆಣ್ಣಿಗೆ ಇನ್ನೂ ಸಿಕ್ಕಿಲ್ಲ.

ಗಜೇಂದ್ರಗಡದ ಹತ್ತಿರದ ಸೂಡಿ ಸಾವಿರ ವರ್ಷದ ಹಿಂದೆ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿಯ ಆಡಳಿತದ ನೆಲೆ. ಕಿಸುಕಾಡು ಎಪ್ಪತ್ತನ್ನು ಆಕೆ ಆಳಿದ್ದು ಶಾಸನಗಳಲ್ಲಿ ಅಚ್ಚಳಿಯದೆ ಉಳಿದಿದೆ. ಅದೇ ಸೀಮೆಯ ಇಂದಿನ ಪಹಣಿಗಳಲ್ಲಿ ಹೆಣ್ಣಿನ ಹೆಸರು ಹುಡುಕಬೇಕು. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ಶೇ 14ರಷ್ಟು ಮಾತ್ರ. ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ದೇಶಕ್ಕಿಂತ ಹನ್ನೊಂದು ವರ್ಷ ಮೊದಲು. ಆದರೂ ತವರಿನ ದಾರಿ ಮುಚ್ಚೀತೆಂಬ ಅಳುಕಿನಲ್ಲಿ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವ ಅಕ್ಕತಂಗಿಯರು ಈಗಲೂ ಊರೂರಲ್ಲಿದ್ದಾರೆ.

ಇದು ಬರೀ ಗೌರವದ ಪ್ರಶ್ನೆಯಲ್ಲ. ಬರ ಬಿದ್ದಾಗ, ಹೊಳೆ ಉಕ್ಕಿದಾಗ ಬೆಳೆ ಪರಿಹಾರ ಸೇರುವುದು ರೈತರ ನೋಂದಣಿಗಿರುವ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಪಹಣಿ ಜೋಡಣೆಯಾದ ಖಾತೆಗೆ. ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡಲೆಂದು ಬಂದ ‘ರೈತ ಸಿರಿ’ ಯೋಜನೆಯೂ ಜಮೀನಿನ ದಾಖಲೆಯನ್ನೇ ಕೇಳಿತು. ಗಂಡ ಗುಳೆ ಹೋದಾಗ ಹೊಲ ನೋಡಿಕೊಂಡವಳಿಗೆ, ಲಾವಣಿಗೆ ಹಿಡಿದ ಹೊಲದಲ್ಲಿ ಬೆವರು ಸುರಿಸಿದ ವಿಧವೆಗೆ ಆ ದಾಖಲೆ ಇಲ್ಲ. ಹವಾಮಾನ ಕೆಟ್ಟಾಗ ನಷ್ಟ ಉಣ್ಣುವವರು ಒಬ್ಬರು, ಪರಿಹಾರ ಪಡೆಯುವವರು ಇನ್ನೊಬ್ಬರು ಎಂಬ ಈ ಸ್ಥಿತಿಯನ್ನು ತಿದ್ದದೆ ಹವಾಮಾನ ನ್ಯಾಯದ ಮಾತಾಡುವುದರಲ್ಲಿ ಅರ್ಥವಿಲ್ಲ. 2014ರಿಂದ ದೇಶದ ರೈತ ಮಹಿಳೆಯರ ವೇದಿಕೆ ‘ಮಕಾಮ್’ ಒತ್ತಿ ಹೇಳುತ್ತಿರುವುದೂ ಇದನ್ನೇ: ಭೂಮಿ ಯಾರ ಹೆಸರಲ್ಲಿದ್ದರೂ, ಉಳುವ ಹೆಣ್ಣನ್ನು ರೈತಳೆಂದು ದಾಖಲಿಸಬೇಕು.

ರೋಣ, ನರಗುಂದ, ಗಜೇಂದ್ರಗಡದಲ್ಲಿ ಈ ಕೆಲಸಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆ ಬೀಜ ಕೂಡಿಡುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ರೈತ ತಳಿಗಳನ್ನು ಸಮುದಾಯದ ಹೆಸರಲ್ಲೇ ನೋಂದಾಯಿಸಲೂಬಹುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ತಳಿ, ಗಿಡಮೂಲಿಕೆಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಸಮಿತಿಯ ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕೆಂದು 2004ರ ನಿಯಮಗಳು ಹೇಳಿದ್ದವು. ಎರಿ ಹೊಲದ ಕುಸುಬಿ, ಗುಡ್ಡದ ಮಗ್ಗುಲಿನ ನವಣಿ, ತಾಂಡಾದ ಹಿತ್ತಲಿನ ಅವರೆ ಯಾವ ತಳಿಯವು, ಯಾರ ಮನೆಯಲ್ಲಿ ಉಳಿದಿವೆ ಎಂದು ಬರೆಸಬಲ್ಲವರು ಬೀಜ ಕಾಯ್ದ ಹೆಂಗಸರೇ. ಮುಂದಿನ ಗ್ರಾಮಸಭೆಯಲ್ಲಿ ಆ ದಾಖಲಾತಿ ಪುಸ್ತಕವನ್ನು ತರಿಸಿ, ತಳಿಯ ಹೆಸರಿನ ಮುಂದೆ ಅದನ್ನು ಉಳಿಸಿದವಳ ಹೆಸರನ್ನೂ ಬರೆಯಿರೆಂದು ಸ್ವಸಹಾಯ ಸಂಘಗಳು ಕೇಳಬಹುದು. ಪಿತ್ರಾರ್ಜಿತ ಭಾಗವಾಗುವಾಗ ಪಹಣಿಗೆ ಹೆಣ್ಣುಮಕ್ಕಳ ಹೆಸರು ಸೇರಿಸುವ ಅರ್ಜಿಯನ್ನೂ ಅದೇ ಸಂಘಗಳು ಒಟ್ಟಾಗಿ ತಾಲ್ಲೂಕು ಕಚೇರಿಗೆ ಒಯ್ಯಬಹುದು.