ಗೆದ್ದರೂ ಬೈಸಿಕೊಳ್ಳುವ ಹೆಡ್ ಕೋಚ್

2025ರ ಅಕ್ಟೋಬರ್ 12ರಂದು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತಂಡದ ಹೆಡ್ ಕೋಚ್ ಜೇಮ್ಸ್ ಫ್ರ್ಯಾಂಕ್ಲಿನ್ ಅವರನ್ನು ಮನೆಗೆ ಕಳಿಸಿತು. ಅದು ಅವರ ಹನ್ನೆರಡನೇ ಸೀಸನ್. ಅಲ್ಲಿಯವರೆಗೆ ಗೆದ್ದ ಪಂದ್ಯ 104, ಸೋತದ್ದು 45. ಒಂಬತ್ತು ತಿಂಗಳ ಹಿಂದಷ್ಟೇ ತಂಡ ರಾಷ್ಟ್ರೀಯ ಸೆಮಿಫೈನಲ್ ಆಡಿತ್ತು, ಹೊಸ ಸೀಸನ್‌ಗೆ ದೇಶದ ಎರಡನೇ ರ‍್ಯಾಂಕ್ ಹೊತ್ತು ಇಳಿದಿತ್ತು. ಆಮೇಲೆ ಆರೆಗನ್ ಎದುರು ತವರಿನಲ್ಲಿ ಸೋಲು, ಆವರೆಗೆ ಒಂದು ಪಂದ್ಯವನ್ನೂ ಗೆದ್ದಿರದ ಯುಸಿಎಲ್‌ಎ ಎದುರು ಸೋಲು, ನಾರ್ತ್‌ವೆಸ್ಟರ್ನ್ ಎದುರು 22-21ರ ಸೋಲು. ಆರೆಗನ್ ಪಂದ್ಯ ಮುಗಿಯುವ ಹೊತ್ತಿಗಾಗಲೇ ಸ್ಟೇಡಿಯಂನಲ್ಲಿ ಅವರನ್ನು ಕಿತ್ತುಹಾಕಿ ಎಂಬ ಕೂಗೆದ್ದಿತ್ತು.

ಹತ್ತರಲ್ಲಿ ಏಳು ಗೆಲ್ಲುವವರನ್ನು ಯಾಕೆ ತೆಗೆದರು ಎನ್ನುವವರು ಇನ್ನೊಂದು ಲೆಕ್ಕ ನೋಡಬೇಕು. ದೇಶದ ಮೊದಲ ಹತ್ತು ರ‍್ಯಾಂಕಿನೊಳಗಿನ ತಂಡಗಳ ಎದುರು ಪೆನ್ ಸ್ಟೇಟ್‌ನಲ್ಲಿ ಫ್ರ್ಯಾಂಕ್ಲಿನ್ ಗೆದ್ದದ್ದು 4, ಸೋತದ್ದು 21. ಗೆಲ್ಲಲೇಬೇಕಾದ ಪಂದ್ಯಗಳನ್ನು ಗೆಲ್ಲುತ್ತಿದ್ದರು, ಗೆದ್ದರೆ ಹೆಸರು ಬರುವಂಥವನ್ನು ಕೈಚೆಲ್ಲುತ್ತಿದ್ದರು. ಅಭಿಮಾನಿಗಳು ವರ್ಷಗಟ್ಟಲೆ ಜಗಳವಾಡಿದ್ದು ಈ ಎರಡು ಲೆಕ್ಕಗಳಲ್ಲಿ ಯಾವುದು ದೊಡ್ಡದು ಎಂದು.

ನಮ್ಮ ಕಡೆಯಿಂದ ಎಂಎಸ್ ಓದಲು ಇಂಥ ವಿಶ್ವವಿದ್ಯಾಲಯಗಳಿಗೆ ಹೋದ ಹುಡುಗ ಹುಡುಗಿಯರು ಮೊದಲ ಸೆಪ್ಟೆಂಬರ್‌ನಲ್ಲೇ ಈ ಜಗಳದ ನಡುವೆ ಸಿಕ್ಕಿಕೊಳ್ಳುತ್ತಾರೆ. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಸ್ಟೇಡಿಯಂ, ಶನಿವಾರ ಬಂತೆಂದರೆ ಊರಿಗೆ ಊರೇ ಅಲ್ಲಿ. ಆಟ ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಫುಟ್‌ಬಾಲ್. ಲೀಗ್ ಹಂತದಲ್ಲಿ ವರ್ಷಕ್ಕೆ ಹನ್ನೆರಡೇ ಪಂದ್ಯ, ಹಾಗಾಗಿ ಒಂದು ಸೋಲಿನ ನೋವು ಆರು ದಿನ ಆರುವುದಿಲ್ಲ. ಕ್ರಿಕೆಟ್‌ನಲ್ಲಿ ಆಯ್ಕೆ ಸಮಿತಿ, ನಾಯಕ, ಕೋಚ್ ಹಂಚಿಕೊಳ್ಳುವ ಅಧಿಕಾರವೆಲ್ಲ ಇಲ್ಲಿ ಹೆಡ್ ಕೋಚ್ ಒಬ್ಬನ ಕೈಯಲ್ಲಿ. ಆಟಗಾರರನ್ನು ಹುಡುಕಿ ತರುವವನು ಅವನೇ, ಸಹಾಯಕ ಕೋಚ್‌ಗಳನ್ನು ಇಟ್ಟುಕೊಳ್ಳುವವನೂ ತೆಗೆಯುವವನೂ ಅವನೇ, ಪಂದ್ಯದ ಕೊನೇ ನಿಮಿಷದಲ್ಲಿ ಹೌದು ಅಥವಾ ಬೇಡ ಎನ್ನುವವನೂ ಅವನೇ. ಅಭಿಮಾನಿಯ ಕಣ್ಣಿಗೆ ಬೀಳುವುದು ಮಾತ್ರ ಶನಿವಾರದ ಮೂರೂವರೆ ಗಂಟೆ.

ಕಾಣದ ಕೆಲಸದಲ್ಲಿ ಮೊದಲನೆಯದು ರಿಕ್ರೂಟಿಂಗ್. ಹೈಸ್ಕೂಲ್ ಆಟಗಾರರಿಗೆ ಪರಿಣತರು ನಕ್ಷತ್ರ ಕೊಟ್ಟು ಅಳೆಯುತ್ತಾರೆ. ಐದು ನಕ್ಷತ್ರದವರು ಇಡೀ ದೇಶದಲ್ಲಿ ವರ್ಷಕ್ಕೆ ಮೂವತ್ತು ಚಿಲ್ಲರೆ ಮಂದಿ. ನಾಲ್ಕು, ಐದು ನಕ್ಷತ್ರದವರು ತಂಡದಲ್ಲಿ ಎಷ್ಟಿದ್ದಾರೆ ಎಂದು ನೋಡಿದರೆ ಕೋಚ್ ಎಷ್ಟು ಒಳ್ಳೆಯ ಮಾತುಗಾರ, ಎಷ್ಟು ಮನೆಗಳ ಸೋಫಾ ಮೇಲೆ ಕೂತು ತಾಯಂದಿರನ್ನು ಒಪ್ಪಿಸಿದ್ದಾನೆ ಎಂಬುದು ತಿಳಿಯುತ್ತದೆ. ಫ್ರ್ಯಾಂಕ್ಲಿನ್ ಇದರಲ್ಲಿ ಗಟ್ಟಿಗ. ಪೆನ್ ಸ್ಟೇಟ್‌ಗೆ ಬರುವ ಮುನ್ನ, ಸೋಲೇ ರೂಢಿಯಾಗಿದ್ದ ವ್ಯಾಂಡರ್‌ಬಿಲ್ಟ್‌ಗೆ ಸಾಲಾಗಿ ಎರಡು ವರ್ಷ ಒಂಬತ್ತೊಂಬತ್ತು ಗೆಲುವು ತಂದುಕೊಟ್ಟಿದ್ದರು. 2014ರಲ್ಲಿ ಬಂದಾಗ ಪೆನ್ ಸ್ಟೇಟ್ ಕೂಡ ಸುಖವಾಗಿರಲಿಲ್ಲ. ಮಾಜಿ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿಯ ಮಕ್ಕಳ ಲೈಂಗಿಕ ದೌರ್ಜನ್ಯ ಹಗರಣದ ನಂತರ 2012ರಲ್ಲಿ ಬಿದ್ದ ಶಿಕ್ಷೆಯಿಂದ ಸ್ಕಾಲರ್‌ಶಿಪ್‌ಗಳೇ ಕಡಿತವಾಗಿದ್ದವು. ಅಂಥ ತಂಡವನ್ನು ಮೂರನೇ ವರ್ಷಕ್ಕೆ, 2016ರಲ್ಲಿ, ಅದು ಆಡುವ ಬಿಗ್ ಟೆನ್ ಲೀಗ್‌ನ ಚಾಂಪಿಯನ್ ಮಾಡಿದ್ದು ಸಣ್ಣ ಮಾತಲ್ಲ. ಕೂಗಿದವರಲ್ಲಿ ಎಷ್ಟು ಜನಕ್ಕೆ ಇದು ನೆನಪಿತ್ತೋ!

ಆದರೆ ಒಳ್ಳೆಯ ರಿಕ್ರೂಟಿಂಗ್ ಕೋಚ್‌ಗೇ ತಿರುಗುಬಾಣವಾಗುತ್ತದೆ. ಒಳ್ಳೆಯ ಆಟಗಾರರನ್ನು ತಂದ ಮೇಲೆ ಸೋತರೆ ದೂರಲು ಬೇರೆ ಯಾರೂ ಉಳಿಯುವುದಿಲ್ಲ.

ಜೊತೆಗೆ ಈಗ ಕಾಲ ಕೇಳುವ ನೆಪವೂ ಸವೆದುಹೋಗಿದೆ. 2021ರಿಂದ ಆಟಗಾರ ಒಂದು ವರ್ಷ ಹೊರಗೆ ಕೂರದೆ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬೇರೆ ಕಾಲೇಜಿಗೆ ಹೋಗಬಹುದು. ಅದೇ ವರ್ಷದಿಂದ ತನ್ನ ಹೆಸರು, ಮುಖ ಬಳಸಿ ದುಡಿಯಲೂಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುತ್ತಿವೆ. ಇಂಡಿಯಾನಾ ತಂಡ 2023ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಮರುವರ್ಷ ಕರ್ಟ್ ಸಿಗ್ನೆಟಿ ಬಂದರು, ತಮ್ಮ ಹಳೆಯ ತಂಡದ ಹುಡುಗರನ್ನೂ ಪೋರ್ಟಲ್‌ನ ಆಟಗಾರರನ್ನೂ ಕರೆತಂದರು, 11 ಪಂದ್ಯ ಗೆದ್ದರು. 2025ರ ಡಿಸೆಂಬರ್‌ನಲ್ಲಿ ಬಿಗ್ ಟೆನ್ ಪ್ರಶಸ್ತಿಯೂ ಅವರದೇ. ಇದನ್ನು ನೋಡಿದ ಮೇಲೆ ಇನ್ನು ನಾಲ್ಕು ವರ್ಷ ಕೊಡಿ ಎಂದು ಯಾವ ಕೋಚ್ ಕೇಳಿಯಾನು?

ಎರಡನೆಯದು ಸಹಾಯಕರ ಆಯ್ಕೆ. ನನ್ನ ಮಟ್ಟಿಗೆ ಒಬ್ಬ ಕೋಚ್‌ನನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ದಾಳಿಗೆ ಒಬ್ಬ ಕೋಆರ್ಡಿನೇಟರ್, ರಕ್ಷಣೆಗೆ ಇನ್ನೊಬ್ಬ. ಪ್ರತಿ ಸಲ ಏನು ಆಡಬೇಕೆಂದು ಹೇಳುವುದು ಸಾಮಾನ್ಯವಾಗಿ ಅವರೇ. ಹಾಗಾದರೆ ಸೋಲನ್ನು ಯಾರ ತಲೆಗೆ ಕಟ್ಟಬೇಕು?

2024ರ ನವೆಂಬರ್ 2ರಂದು ಒಹಾಯೊ ಸ್ಟೇಟ್ ಎದುರಿನ ಪಂದ್ಯ ತೆಗೆದುಕೊಳ್ಳಿ. ಈ ಆಟದಲ್ಲಿ ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಕೊನೆಗೆ ಐದು ನಿಮಿಷ ಚಿಲ್ಲರೆ ಉಳಿದಿದ್ದಾಗ ಪೆನ್ ಸ್ಟೇಟ್ ಏಳು ಪಾಯಿಂಟ್ ಹಿಂದಿತ್ತು. ಚೆಂಡು ಗೋಲು ಗೆರೆಯಿಂದ ಬರೀ ಮೂರು ಯಾರ್ಡ್ ದೂರ, ನಾಲ್ಕು ಅವಕಾಶವೂ ಬಾಕಿ. ಮೊದಲ ಮೂರು ಸಲ ಒಬ್ಬನೇ ಓಟಗಾರನ ಕೈಗೆ ಚೆಂಡು ಕೊಟ್ಟು ನಡುವಿನ ಗುಂಪಿನೊಳಗೆ ನುಗ್ಗಿಸಿದರು. ದಾಟಲಾಗಲಿಲ್ಲ. ನಾಲ್ಕನೆಯದು ಪಾಸ್, ಯಾರ ಕೈಗೂ ಸಿಗಲಿಲ್ಲ. ಆ ವರ್ಷ ಪಾಸ್ ಹಿಡಿಯುವ ಟೈಟ್ ಎಂಡ್‌ಗಳಲ್ಲಿ ದೇಶದ ಅತ್ಯುತ್ತಮ ಎಂದು ಪ್ರಶಸ್ತಿ ಪಡೆದ ಟೈಲರ್ ವಾರೆನ್ ಅದೇ ತಂಡದಲ್ಲಿದ್ದರು, ಆ ನಾಲ್ಕರಲ್ಲಿ ಒಮ್ಮೆಯೂ ಚೆಂಡು ಅವರ ಕಡೆ ಬರಲಿಲ್ಲ. ಒಹಾಯೊ ಸ್ಟೇಟ್ ಉಳಿದ ಸಮಯವನ್ನೆಲ್ಲ ಚೆಂಡು ಕೈಬಿಡದೆ ಕಳೆಯಿತು. 20-13.

ಆಡಿಸಿದ್ದು ಕೋಆರ್ಡಿನೇಟರ್ ಆಂಡಿ ಕೊಟೆಲ್ನಿಕಿ, ಹೆಡ್ ಕೋಚ್ ಏನು ಮಾಡಿಯಾರು ಎಂದು ಕೆಲವರು ವಾದಿಸಿದರು. ಎದುರಾಳಿಯನ್ನು ತಳ್ಳಲಾಗದ ಮುಂಚೂಣಿ ಸಾಲಿನದೇ ತಪ್ಪು ಎಂದರು ಇನ್ನು ಕೆಲವರು. ಒಂದೇ ಪಂದ್ಯವಾಗಿದ್ದರೆ ಎರಡೂ ಒಪ್ಪುವ ಮಾತೇ. ಹನ್ನೆರಡು ಸೀಸನ್‌ಗಳಲ್ಲಿ ಫ್ರ್ಯಾಂಕ್ಲಿನ್ ಆರು ಮಂದಿ ದಾಳಿಯ ಕೋಆರ್ಡಿನೇಟರ್‌ಗಳನ್ನು ಕಂಡರು. ಹೆಸರು ಬದಲಾಯಿತು, ಮೈದಾನದಲ್ಲಿ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಬದಲಾದ, ದೊಡ್ಡ ಪಂದ್ಯದಲ್ಲಿ ದಾಳಿ ಕೈಕೊಡುವುದು ಮಾತ್ರ ನಿಲ್ಲಲಿಲ್ಲ. ಬದಲಾಗದೆ ಉಳಿದವರು ಒಬ್ಬರೇ. 4-21ಕ್ಕಿಂತ ಈ ಆರರ ಲೆಕ್ಕ ನನಗೆ ಹೆಚ್ಚು ಹೇಳುತ್ತದೆ.

ಇದಕ್ಕೆ ಎದುರಾಗಿ ಒಹಾಯೊ ಸ್ಟೇಟ್‌ನ ರಯಾನ್ ಡೇ ಅವರನ್ನು ನೋಡಿ. 2024ರ ನವೆಂಬರ್ 30ರಂದು ತವರಿನಲ್ಲೇ ಮಿಷಿಗನ್ ಎದುರು 13-10ರಿಂದ ಸೋತರು. ಅದು ಬದ್ಧವೈರಿಯ ಎದುರು ಸತತ ನಾಲ್ಕನೇ ಸೋಲು. ಆ ವಾರ ಅವರ ಪರ ಮಾತಾಡುವವರೇ ಇರಲಿಲ್ಲ. 51 ದಿನ ಕಳೆದು ಜನವರಿ 20ರಂದು ಅದೇ ಕೋಚ್, ಅದೇ ಹುಡುಗರು ನೋಟ್ರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದರು. ಪ್ಲೇಆಫ್‌ಗೆ ಹನ್ನೆರಡು ತಂಡಗಳನ್ನು ಸೇರಿಸಿಕೊಂಡ ಮೊದಲ ವರ್ಷವದು. ಹಳೆಯ ನಾಲ್ಕು ತಂಡಗಳ ನಿಯಮವಿದ್ದಿದ್ದರೆ ಎರಡು ಸೋಲು ಹೊತ್ತ ಒಹಾಯೊ ಸ್ಟೇಟ್‌ಗೆ ಒಳಗೆ ಜಾಗ ಸಿಗುವುದೇ ಕಷ್ಟವಿತ್ತು. ಅದೃಷ್ಟದ ಪಾಲೂ ಇತ್ತೆನ್ನಿ. ಆದರೆ ಸೀಸನ್‌ಗೆ ಮುಂಚೆಯೇ ಡೇ ಒಂದು ಕೆಲಸ ಮಾಡಿದ್ದರು. ತಾವೇ ಇಟ್ಟುಕೊಂಡಿದ್ದ ದಾಳಿಯ ಹೊಣೆಯನ್ನು ಅನುಭವಿ ಚಿಪ್ ಕೆಲ್ಲಿಗೆ ವಹಿಸಿದ್ದರು. ತನ್ನ ಕೆಲಸವನ್ನು ಇನ್ನೊಬ್ಬ ಚೆನ್ನಾಗಿ ಮಾಡಬಲ್ಲ ಎಂದು ಒಪ್ಪಿಕೊಳ್ಳುವುದು ಈ ಕಸುಬಿನಲ್ಲಿ ಅಪರೂಪ.

ಹೀಗಾಗಿ ದೌರ್ಬಲ್ಯಗಳ ಪಟ್ಟಿ ಬರೆಯುವ ಅಭಿಮಾನಿ ಮೊದಲು ಕೇಳಬೇಕಾದದ್ದು ಒಂದೇ. ಇದು ಬೇರೊಬ್ಬನನ್ನು ತಂದರೆ ಸರಿಹೋಗುವ ಕೊರತೆಯೋ, ಈತನ ಸ್ವಭಾವವೋ? ರಕ್ಷಣೆ ಸೋರುತ್ತಿದ್ದರೆ ಹೊಸ ಕೋಆರ್ಡಿನೇಟರ್ ಸಾಕು. ಒತ್ತಡದಲ್ಲಿ ಕೈಕಟ್ಟಿಕೊಳ್ಳುವ ಸ್ವಭಾವವಿದ್ದರೆ ಯಾರನ್ನು ತಂದರೂ ಅಷ್ಟೇ.

ಅದೃಷ್ಟವನ್ನು ಬೇರ್ಪಡಿಸುವುದು ಇನ್ನೂ ಕಷ್ಟ. ನೆಬ್ರಾಸ್ಕಾ 2021ರಲ್ಲಿ ಒಂಬತ್ತು ಪಂದ್ಯ ಸೋತಿತು, ಒಂಬತ್ತೂ ಒಂಬತ್ತು ಪಾಯಿಂಟ್ ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ. ಸ್ವಲ್ಪದರಲ್ಲಿ ಸೋತವರು ಮುಂದಿನ ವರ್ಷ ಸ್ವಲ್ಪದರಲ್ಲಿ ಗೆಲ್ಲುತ್ತಾರೆ ಎಂಬುದು ಅಂಕಿಅಂಶ ಬಲ್ಲವರ ಲೆಕ್ಕ, ಬಹುಪಾಲು ಅದು ಸರಿಯೂ ಹೌದು. ಕೋಚ್ ಸ್ಕಾಟ್ ಫ್ರಾಸ್ಟ್ ಉಳಿದುಕೊಂಡರು. ಮರುವರ್ಷದ ಮೊದಲ ಪಂದ್ಯ ಡಬ್ಲಿನ್‌ನಲ್ಲಿ, ನಾರ್ತ್‌ವೆಸ್ಟರ್ನ್ ಎದುರು. ಹನ್ನೊಂದು ಪಾಯಿಂಟ್ ಮುಂದಿದ್ದಾಗ ಫ್ರಾಸ್ಟ್ ಆನ್‌ಸೈಡ್ ಕಿಕ್ ಮಾಡಿಸಿದರು. ಅದು ಹಿಂದೆ ಬಿದ್ದವರು ಚೆಂಡು ಮರಳಿ ಪಡೆಯಲು ಬೇರೆ ದಾರಿಯಿಲ್ಲದಾಗ ಆಡುವ ಜೂಜು. ಚೆಂಡು ನಾರ್ತ್‌ವೆಸ್ಟರ್ನ್ ಪಾಲಾಯಿತು, ಪಂದ್ಯ 31-28ಕ್ಕೆ ಹೋಯಿತು. ಇಂಥದ್ದನ್ನು ಅದೃಷ್ಟದ ಖಾತೆಗೆ ಬರೆಯಲಾಗದು.

ನೆಬ್ರಾಸ್ಕಾದ ಕತೆಯಲ್ಲಿ ಇನ್ನೊಂದು ಪಾಠವಿದೆ. ಫ್ರಾಸ್ಟ್‌ಗಿಂತ ಮೊದಲು ಬೋ ಪೆಲಿನಿ ಎಂಬವರಿದ್ದರು. 2008ರಿಂದ 2014ರವರೆಗೆ ಪ್ರತಿ ವರ್ಷ ಒಂಬತ್ತೋ ಹತ್ತೋ ಗೆಲುವು. ಮುಂಗೋಪಿ, ದೊಡ್ಡ ಪಂದ್ಯದಲ್ಲಿ ಎಡವುತ್ತಾರೆ ಎಂದು ತೆಗೆದರು. ಬಂದ ಮೈಕ್ ರೈಲಿ 19 ಗೆದ್ದು 19 ಸೋತರು. ಅವರನ್ನೂ ತೆಗೆದು ಊರಿನ ಮಗ, 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್ ಫ್ರಾಸ್ಟ್‌ಗೆ ಮಣೆ ಹಾಕಿದರು. ಅವರದು 16 ಗೆಲುವು, 31 ಸೋಲು. ಒಂಬತ್ತು ಗೆಲುವು ಯಾರಿಗೆ ಬೇಕು ಎಂದಿದ್ದ ಅಭಿಮಾನಿಗಳಿಗೆ ಆಮೇಲೆ ಆರು ಗೆದ್ದರೂ ಹಬ್ಬ.

ದುಡ್ಡಿನ ವಿಷಯ ಚುಟುಕಾಗಿ. ಅವಧಿಗೆ ಮುಂಚೆ ತೆಗೆದರೆ ಉಳಿದ ಒಪ್ಪಂದದ ಹಣ ಕಟ್ಟಿಕೊಡಬೇಕು, ಇದೇ ಬೈಔಟ್. ಫ್ರಾಸ್ಟ್ ಅವರನ್ನು ತೆಗೆಯಲು ಅಕ್ಟೋಬರ್ 1ರವರೆಗೆ ಕಾದಿದ್ದರೆ 1.5 ಕೋಟಿ ಡಾಲರ್ ಅರ್ಧಕ್ಕಿಳಿಯುತ್ತಿತ್ತು. ನೆಬ್ರಾಸ್ಕಾ ಸೆಪ್ಟೆಂಬರ್ 11ಕ್ಕೇ ತೆಗೆಯಿತು. ಫ್ರ್ಯಾಂಕ್ಲಿನ್ ಅವರದು ಸುಮಾರು 5 ಕೋಟಿ ಡಾಲರ್ ಇತ್ತು. ಅವರು ನವೆಂಬರ್‌ನಲ್ಲೇ ವರ್ಜೀನಿಯಾ ಟೆಕ್ ಸೇರಿದ್ದರಿಂದ ಪೆನ್ ಸ್ಟೇಟ್ 90 ಲಕ್ಷ ಡಾಲರ್‌ಗೆ ಬಾಬತ್ತು ಮುಗಿಸಿತು.

ವರ್ಜೀನಿಯಾ ಟೆಕ್‌ನಲ್ಲಿ ಅವರಿಗಿಂತ ಮೊದಲು ಕೆಲಸ ಕಳೆದುಕೊಂಡವರು ಬ್ರೆಂಟ್ ಪ್ರೈ, ಅವರದೇ ಹಳೆಯ ಸಹಾಯಕ. ಆ ತಂಡಕ್ಕೆ ಸದ್ಯಕ್ಕೆ ಬೇಕಿರುವುದು ನೆಲ ಹಿಡಿದದ್ದನ್ನು ಎಬ್ಬಿಸಿ ನಿಲ್ಲಿಸುವವರು, ಫ್ರ್ಯಾಂಕ್ಲಿನ್ ಅದನ್ನು ಎರಡು ಕಡೆ ಮಾಡಿ ತೋರಿಸಿದ್ದಾರೆ. ಪೆನ್ ಸ್ಟೇಟ್‌ಗೆ ಬೇಕಿದ್ದುದು ಕೊನೆಯ ಮೂರು ಯಾರ್ಡ್ ದಾಟಿಸುವವರು, ಅದಕ್ಕೆ ಅಯೋವಾ ಸ್ಟೇಟ್‌ನಿಂದ ಮ್ಯಾಟ್ ಕ್ಯಾಂಬೆಲ್ ಅವರನ್ನು ಕರೆತಂದಿದೆ. ಮೂರು ಸೋಲಿಗಾಗಿ ಫ್ರ್ಯಾಂಕ್ಲಿನ್ ಅವರನ್ನು ತೆಗೆದದ್ದಾದರೆ ಅದು ದುಡುಕು. ಆರು ಕೋಆರ್ಡಿನೇಟರ್‌ಗಳ ಲೆಕ್ಕ ನೋಡಿ ತೆಗೆದದ್ದಾದರೆ ಸರಿಯೇ.